ಅಜ್ಜನ ಕೈಯ ಕಪ್ಪು ಚೀಲ: ಪೆಪೆ ಇಸ್ಬೆರ್ಟ್ ಮತ್ತು ಸ್ಪೇನಿನ ಪೋಷಕ ನಟರು



ರಂಗಭೂಮಿಗೂ ಸಿನಿಮಾಕ್ಕೂ ಸಲ್ಲುವ ವಿಷಯವೊಂದನ್ನು ನೀವೇ ಆರಿಸಿಕೊಳ್ಳಿ ಎಂದು ಈ ಉಪನ್ಯಾಸದ ಸಂಘಟಕರು ಹೇಳಿದಾಗ ನಾನು ಸ್ಪೇನಿನ ಒಬ್ಬ ನಟರ ಹೆಸರನ್ನು ಹೇಳಿದೆ. ಹೋಸೆ ಇಸ್ಬೆರ್ಟ್. ಹೋಸೆ ಎಂಬ ಹೆಸರಿನವರನ್ನು ಅಲ್ಲಿನವರು ಪ್ರೀತಿಯಿಂದ ಪೆಪೆ ಎನ್ನುತ್ತಾರೆ. ಇವರನ್ನು ಇಡೀ ದೇಶವೇ ಪೆಪೆ ಎಂದು ಕರೆಯಿತು. ಕುಳ್ಳು ದೇಹ, ಗುಂಡು ಮುಖ, ಒಡೆದ ಗಂಟಲು. ಅರವತ್ತು ವರ್ಷಕ್ಕೂ ಮಿಕ್ಕಿದ ವೃತ್ತಿಜೀವನ, ನೂರಕ್ಕೂ ಹೆಚ್ಚು ಚಿತ್ರಗಳು. ಅವುಗಳಲ್ಲಿ ಕಥೆಯ ಪೂರ್ಣ ಭಾರ ಇವರ ಹೆಗಲ ಮೇಲೆ ಬಿದ್ದದ್ದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. ಉಳಿದೆಲ್ಲ ಕಡೆ ಇವರು ಊರಿನ ಮೇಯರು, ದೀಪಸ್ತಂಭ ಕಾಯುವವರು, ಅಪಘಾತವನ್ನು ಕಂಡ ಸಾಕ್ಷಿ, ಮನೆಯ ಅಜ್ಜ.

ಪೋಷಕ ನಟರ ಬಗ್ಗೆ ನಾವು ಮಾತನಾಡುವಾಗ ಒಂದು ಬಗೆಯ ಅನುಕಂಪ ದನಿಯಲ್ಲಿ ಸೇರಿಕೊಂಡುಬಿಡುತ್ತದೆ. ನಾಯಕರಾಗಬಹುದಿತ್ತು, ಆಗಲಿಲ್ಲ ಎಂಬ ಭಾವ. ಆ ಅನುಕಂಪ ತಪ್ಪು ಜಾಗದಲ್ಲಿದೆ ಎಂಬುದು ನನ್ನ ನಂಬಿಕೆ, ಮತ್ತು ಇಂದು ನಾನು ಹೇಳಬೇಕೆಂದಿರುವುದೂ ಅಷ್ಟೇ. ನಾಯಕ ನಟನನ್ನು ಜನ ಮೆಚ್ಚುತ್ತಾರೆ. ಪೋಷಕ ನಟನನ್ನು ಜನ ನಂಬುತ್ತಾರೆ. ಐದು ನಿಮಿಷ, ಹತ್ತು ನಿಮಿಷದ ಪಾತ್ರಗಳಲ್ಲಿ, ವರ್ಷಕ್ಕೆ ನಾಲ್ಕಾರು ಬಾರಿ, ದಶಕಗಳ ಕಾಲ ಅದೇ ಮುಖ ಎದುರಾದಾಗ ಆ ಮುಖದ ಮೇಲೆ ಪ್ರೇಕ್ಷಕರಿಗೆ ಹುಟ್ಟುವ ಸಲುಗೆಯನ್ನು ಯಾವ ನಿರ್ಮಾಪಕನೂ ದುಡ್ಡು ಕೊಟ್ಟು ಕೊಳ್ಳಲಾರ. ಪೈಸೆ ಪೈಸೆ ಕೂಡಿಸಿ ಕಟ್ಟಿದ ಗಂಟು ಅದು. ಪೆಪೆ ಇಸ್ಬೆರ್ಟ್ ಐವತ್ತು ವರ್ಷ ಕೂಡಿಸಿದ ಆ ಗಂಟನ್ನು 1963ರಲ್ಲಿ ಒಂದೇ ಪಾತ್ರಕ್ಕಾಗಿ ಬಿಚ್ಚಿದರು. ಸರ್ವಾಧಿಕಾರದ ನಡುವೆ ನಿಂತು, ಆ ಸರ್ವಾಧಿಕಾರ ಕೊಡುತ್ತಿದ್ದ ಮರಣದಂಡನೆಯ ಬಗ್ಗೆ ಒಂದು ಸಿನಿಮಾ ಮಾತನಾಡಲು ಸಾಧ್ಯವಾದದ್ದು ಹಾಗೆ. ಅಲ್ಲಿಗೆ ಹೋಗುವ ಮೊದಲು ಗಂಟು ಕಟ್ಟಿದ ಬಗೆಯನ್ನು ನೋಡಬೇಕು.

ಇಸ್ಬೆರ್ಟ್ ಹುಟ್ಟಿದ್ದು 1886ರ ಮಾರ್ಚ್ 3ರಂದು, ಮ್ಯಾಡ್ರಿಡ್‌ನಲ್ಲಿ. ವಾಣಿಜ್ಯ ಓದಿ ಸರ್ಕಾರದ ಲೆಕ್ಕಪರಿಶೋಧನೆಯ ಕಚೇರಿಯಲ್ಲಿ ನೌಕರಿಗೆ ಸೇರಿದವರು. ಆ ಕುರ್ಚಿ ಅವರನ್ನು ಬಹಳ ದಿನ ಹಿಡಿದಿಡಲಿಲ್ಲ. 1903ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಅಲ್ಕಾಲಾ ಬೀದಿಯ ಅಪೋಲೊ ರಂಗಮಂದಿರದಲ್ಲಿ ಮೊದಲ ಸಲ ಬಣ್ಣ ಹಚ್ಚಿದರು.

ಅಪೋಲೊ ಎಂದರೆ ಏನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸ್ಪೇನಿನ ಪೋಷಕ ನಟರ ಇಡೀ ತಲೆಮಾರೊಂದರ ಪಾಠಶಾಲೆ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮ್ಯಾಡ್ರಿಡ್‌ನ ನಾಟಕದವರು ಒಂದು ಹೊಸ ಪದ್ಧತಿಯನ್ನು ಶುರುಮಾಡಿದ್ದರು. ಇಡೀ ರಾತ್ರಿಯ ನಾಟಕಕ್ಕೆ ದುಬಾರಿ ಟಿಕೆಟ್ ಕೊಡಲಾರದ ಜನಕ್ಕಾಗಿ ಒಂದೊಂದು ಗಂಟೆಯ ಪುಟ್ಟ ನಾಟಕಗಳು, ಒಂದರ ಹಿಂದೊಂದು, ಒಂದು ಸಂಜೆಗೆ ನಾಲ್ಕು ಆಟ. ಪ್ರತಿ ಆಟಕ್ಕೂ ಬೇರೆ ಟಿಕೆಟ್, ಅಗ್ಗದ ಟಿಕೆಟ್. ಮಾತೂ ಹಾಡೂ ಕೂಡಿದ ಈ ಕಿರುನಾಟಕಗಳಲ್ಲಿ ಬರುತ್ತಿದ್ದವರೆಲ್ಲ ಮ್ಯಾಡ್ರಿಡ್‌ನ ಕೇರಿಗಳವರೇ: ಪೊಲೀಸಿನವನು, ಔಷಧಿ ಅಂಗಡಿಯವನು, ಬಟ್ಟೆ ಒಗೆಯುವವಳು, ಹಳ್ಳಿಯಿಂದ ಬಂದ ಪೆದ್ದ. ಅಪೋಲೊದ ನಾಲ್ಕನೆಯ ಆಟ, ಮಧ್ಯರಾತ್ರಿಯ ಸುಮಾರಿನದು, ಊರಿಗೇ ಪ್ರಸಿದ್ಧ. ಬರಹಗಾರರು, ರಾಜಕಾರಣಿಗಳು, ಪೋಕರಿಗಳು, ಊಟ ಮುಗಿಸಿದ ಶ್ರೀಮಂತರು ಎಲ್ಲರೂ ಆ ಹೊತ್ತಿಗೆ ಅಲ್ಲಿ ಜಮಾಯಿಸುತ್ತಿದ್ದರು. ಮೆಚ್ಚಿದರೆ ಅಟ್ಟ ಹಾರುವಂತೆ ಚಪ್ಪಾಳೆ, ಮೆಚ್ಚದಿದ್ದರೆ ನೆಲಕ್ಕೆ ಕಾಲು ಬಡಿಯುವ ಸದ್ದು. ಒಂದು ಗಂಟೆಯ ನಾಟಕದಲ್ಲಿ ಪೋಷಕ ನಟನಿಗೆ ಸಿಗುವುದು ನಾಲ್ಕು ಮಾತು. ಪಾತ್ರ ಯಾರು, ಎಲ್ಲಿಂದ ಬಂದವನು, ಜೇಬಿನಲ್ಲಿ ಕಾಸಿದೆಯೋ ಇಲ್ಲವೋ ಎಂಬುದೆಲ್ಲ ಕಾಲಿಟ್ಟ ಕ್ಷಣದಲ್ಲೇ ಗೊತ್ತಾಗಬೇಕು. ಆಮೇಲೆ ವಿವರಿಸಲು ಸಮಯವಿಲ್ಲ.

ಅಲ್ಲಿಂದ ಇಸ್ಬೆರ್ಟ್ ಲಾರಾ ರಂಗಮಂದಿರಕ್ಕೆ ಹೋದರು. ಮಾಂಸದ ವ್ಯಾಪಾರದಲ್ಲಿ ಹಣ ಮಾಡಿದ ಕಾಂಡಿದೊ ಲಾರಾ ಎಂಬುವರು 1880ರ ಸುಮಾರಿಗೆ ಕಟ್ಟಿಸಿದ ಪುಟ್ಟ, ಅಂದವಾದ ಮಂದಿರ ಅದು. ಇಂದಿಗೂ ಮ್ಯಾಡ್ರಿಡ್‌ನಲ್ಲಿ ನಿಂತಿದೆ. ಹಾಸಿಂತೊ ಬೆನವೆಂತೆಯವರ ಅತ್ಯಂತ ಪ್ರಸಿದ್ಧ ನಾಟಕ 1907ರಲ್ಲಿ ಮೊದಲು ಆಡಿದ್ದು ಅಲ್ಲೇ. ಸಂಗೀತಕಾರ ಮಾನುವೆಲ್ ದೆ ಫಾಯಾರ ‘ಎಲ್ ಅಮೋರ್ ಬ್ರೂಹೊ’ 1915ರಲ್ಲಿ ಮೊದಲು ಕೇಳಿಸಿದ್ದೂ ಅಲ್ಲೇ. ಅಪೋಲೊದ ಗದ್ದಲಕ್ಕೆ ಪಳಗಿದ ನಟ ಇಲ್ಲಿ ಪಿಸುಮಾತಿಗೆ ಪಳಗಬೇಕಾಯಿತು. ಇಸ್ಬೆರ್ಟ್ ಇಲ್ಲಿ ಹಲವು ವರ್ಷ ದುಡಿದರು, ಮುಂದೆ ತಮ್ಮದೇ ಕಂಪನಿಯನ್ನೂ ಕಟ್ಟಿದರು.

ಆ ಕಾಲದ ಸ್ಪೇನಿನ ನಾಟಕ ಕಂಪನಿಯಲ್ಲಿ ಪ್ರತಿಯೊಬ್ಬರ ಸ್ಥಾನವೂ ಗೊತ್ತುಮಾಡಿಟ್ಟದ್ದು. ಪ್ರಧಾನ ನಟ, ಪ್ರಧಾನ ನಟಿ, ಪ್ರೇಮಿಯ ಪಾತ್ರದ ಯುವಕ, ಎಳೆಯ ನಾಯಕಿ, ಮುದುಕ ಮುದುಕಿಯರ ಪಾತ್ರದವರು, ಹಾಸ್ಯದವರು, ತೀರಾ ಕೆಳಗೆ ಸಂಬಳವಿಲ್ಲದೆ ಕಲಿಯಲು ಬಂದ ಹುಡುಗರು. ದಿನಕ್ಕೆ ಎರಡು ಆಟ, ವಾರದ ರಜೆ ಎಂಬುದಿಲ್ಲ. ಸ್ಪೇನಿನ ನಟರಿಗೆ ಅದು ದೊರೆತದ್ದು 1970ರ ದಶಕದಲ್ಲಿ, ಹೋರಾಟ ಮಾಡಿದ ಮೇಲೆ. ನಾಟಕ ಪದೇ ಪದೇ ಬದಲಾಗುತ್ತಿತ್ತು. ರಂಗದ ಮುಂಭಾಗದ ಗೂಡಿನಲ್ಲಿ ಕುಳಿತ ಪ್ರಾಂಪ್ಟರನೇ ಎಷ್ಟೋ ರಾತ್ರಿ ಎಲ್ಲರನ್ನೂ ದಡ ಮುಟ್ಟಿಸುತ್ತಿದ್ದ. ನಮ್ಮ ವೃತ್ತಿ ಕಂಪನಿಗಳ ಕತೆ ಕೇಳಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಂಪನಿಗಳಿಂದಲೇ ಸ್ಪೇನಿನ ನಟ ಮನೆತನಗಳು ಬೆಳೆದವು. ಮುನ್ಯೋಸ್ ಸಾಂಪೆದ್ರೊ ಸೋದರಿಯರಲ್ಲಿ ಒಬ್ಬರಾದ ಮಾತಿಲ್ದೆ, ನಟ ರಫಾಯೆಲ್ ಬಾರ್ದೆಮ್ ಅವರನ್ನು ಮದುವೆಯಾದರು. ಅವರ ಮಗ ಹುವಾನ್ ಆಂತೋನಿಯೊ ಬಾರ್ದೆಮ್ ನಿರ್ದೇಶಕರಾದರು, ಮಗಳು ಪಿಲಾರ್ ಬಾರ್ದೆಮ್ ನಟಿಯಾದರು, ಪಿಲಾರರ ಮಗ ಹಾವಿಯೆರ್ ಬಾರ್ದೆಮ್ ಇಂದು ಜಗತ್ತಿಗೇ ಗೊತ್ತು. ಹುವಾನ್ ಆಂತೋನಿಯೊ 1954ರಲ್ಲಿ ತೆಗೆದ ‘ಕೋಮಿಕೋಸ್’ ಊರೂರು ಸುತ್ತುವ ಕಂಪನಿಯ ಪೋಷಕ ನಟಿಯೊಬ್ಬಳ ಕಥೆ. ಅಪ್ಪ ಅಮ್ಮನ ಬದುಕನ್ನು ಮಗ ಕ್ಯಾಮೆರಾದ ಮುಂದೆ ತಂದದ್ದು.

ಇಸ್ಬೆರ್ಟ್ ಸಿನಿಮಾಕ್ಕೆ ಬಂದ ರೀತಿ ವಿಚಿತ್ರವಾದದ್ದು. 1912ರ ನವೆಂಬರ್ 12ರಂದು ಸ್ಪೇನಿನ ಪ್ರಧಾನಿ ಹೋಸೆ ಕನಲೇಹಾಸ್ ಮ್ಯಾಡ್ರಿಡ್‌ನ ನಡುಮಧ್ಯದ ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ ಪುಸ್ತಕದಂಗಡಿಯ ಗಾಜಿನ ಮುಂದೆ ನಿಂತು ಪುಸ್ತಕ ನೋಡುತ್ತಿದ್ದರು. ಮಾನುವೆಲ್ ಪಾರ್ದಿನ್ಯಾಸ್ ಎಂಬ ಅರಾಜಕತಾವಾದಿ ಹಿಂದಿನಿಂದ ಬಂದು ಗುಂಡು ಹಾರಿಸಿದ, ಬಳಿಕ ತನಗೂ ಹೊಡೆದುಕೊಂಡ. ಶವಯಾತ್ರೆಯನ್ನು ಕ್ಯಾಮೆರಾ ಹಿಡಿಯಿತು, ಆದರೆ ಕೊಲೆಯನ್ನು ಹಿಡಿದವರಿಲ್ಲ. ಎನ್ರಿಕೆ ಬ್ಲಾಂಕೊ ಮತ್ತು ಅದೆಲಾರ್ದೊ ಫೆರ್ನಾಂದೆಸ್ ಆರಿಯಾಸ್ ಎಂಬಿಬ್ಬರು ಕೊಲೆಯನ್ನು ನಟರಿಂದ ಮತ್ತೆ ಆಡಿಸಿ, ನಿಜವಾದ ಶವಯಾತ್ರೆಯ ಚಿತ್ರಗಳಿಗೆ ಜೋಡಿಸಿದರು. ಕೊಲೆಗಾರನ ವೇಷ ಇಪ್ಪತ್ತಾರು ವರ್ಷದ ಇಸ್ಬೆರ್ಟ್ ಅವರದು. ನಗಿಸುವವರೆಂದೇ ಹೆಸರಾಗಲಿದ್ದ ನಟ ತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದು ಪಿಸ್ತೂಲು ಹಿಡಿದು.

ಮೂಕಿ ಚಿತ್ರಗಳ ಮಿಕ್ಕ ಕಾಲವನ್ನು ನಾನು ದಾಟಿ ಹೋಗುತ್ತೇನೆ. ಇಸ್ಬೆರ್ಟ್ ಅವರ ಆಸ್ತಿ ಅವರ ದನಿ. ಮಾತಿಲ್ಲದ ಚಿತ್ರ ಅವರಿಗೆ ಹೇಳಿದ್ದಲ್ಲ. 1930ರ ದಶಕದಲ್ಲಿ ಮಾತು ಬಂದಾಗ ಸ್ಪೇನಿನ ಸಿನಿಮಾಕ್ಕೆ ಮಾತು ಬಲ್ಲ ಜನ ಬೇಕಾದರು, ರಂಗಭೂಮಿಯ ಪೋಷಕ ನಟರು ಸಾಲುಗಟ್ಟಿ ಸ್ಟುಡಿಯೋಗಳಿಗೆ ಹೋದರು. ಅಂತರ್ಯುದ್ಧ ಬಂತು, ಮುಗಿಯಿತು, ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆ ನೆಲೆನಿಂತಿತು. 1940ರ ದಶಕದ ಹಗುರ ಹಾಸ್ಯಚಿತ್ರಗಳಲ್ಲಿ ಇಸ್ಬೆರ್ಟ್ ಒಂದರ ಹಿಂದೊಂದರಂತೆ ಕಾಣಿಸಿಕೊಂಡರು. ಆ ಚಿತ್ರಗಳಲ್ಲಿ ಹೆಚ್ಚಿನವನ್ನು ಇಂದು ಯಾರೂ ನೋಡುವುದಿಲ್ಲ. ಆದರೆ ಹಸಿವಿನ ಆ ವರ್ಷಗಳಲ್ಲಿ, ರೇಷನ್ ಚೀಟಿ ಹಿಡಿದು ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದ ಜನ ಆ ದನಿ ಕೇಳಿ ನಕ್ಕರು. ಪ್ರೇಕ್ಷಕರ ಸಲುಗೆ ಬೆಳೆದದ್ದು ಇಂಥ ಮರೆತುಹೋದ ಚಿತ್ರಗಳಲ್ಲೇ.

ಆ ದನಿಯ ಬಗ್ಗೆ ಒಂದು ಮಾತು. ಗಂಟಲಿನಲ್ಲಿ ಮರಳು ಸೇರಿಕೊಂಡಂತಹ ದನಿ. ವಯಸ್ಸಾದಂತೆ ಇನ್ನೂ ಒಡೆಯುತ್ತ ಹೋಯಿತು. ಆ ಕಾಲದ ಸ್ಪೇನಿನಲ್ಲಿ ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋದಲ್ಲಿ ದನಿ ಕೂಡಿಸುವುದೇ ಸಾಮಾನ್ಯ ಪದ್ಧತಿ, ಹಾಗಾಗಿ ತೆರೆಯ ಮೇಲಿನ ಬಹಳಷ್ಟು ದನಿಗಳು ನಯವಾಗಿ, ಒಂದೇ ಅಚ್ಚಿನಲ್ಲಿ ಇರುತ್ತಿದ್ದವು. ಅವುಗಳ ನಡುವೆ ಇಸ್ಬೆರ್ಟ್ ಬಾಯಿ ತೆರೆದರೆ ಸಾಕು, ರಸ್ತೆಯಿಂದ ಯಾರೋ ಒಳಗೆ ಬಂದರೆನಿಸುತ್ತದೆ.

1953ರಲ್ಲಿ ಲೂಯಿಸ್ ಗಾರ್ಸಿಯಾ ಬೆರ್ಲಾಂಗಾ ಅವರ ‘ಸುಸ್ವಾಗತ ಮಿಸ್ಟರ್ ಮಾರ್ಷಲ್’ ಬಂತು. ಯುದ್ಧಾನಂತರದ ಯುರೋಪಿಗೆ ಅಮೆರಿಕ ಕೊಟ್ಟ ಮಾರ್ಷಲ್ ನೆರವಿನಿಂದ ಸ್ಪೇನ್ ಹೊರಗುಳಿದಿತ್ತು. ಚಿತ್ರದಲ್ಲಿ ವಿಯಾರ್ ದೆಲ್ ರಿಯೊ ಎಂಬ ಬಡ ಕ್ಯಾಸ್ಟೀಲಿಯನ್ ಹಳ್ಳಿಗೆ ಅಮೆರಿಕನ್ನರು ಬರುತ್ತಾರೆಂಬ ಸುದ್ದಿ ಬರುತ್ತದೆ. ಅಮೆರಿಕನ್ನರು ಬಯಸುವ ಸ್ಪೇನ್ ಎಂದರೆ ದಕ್ಷಿಣದ ಆಂದಲೂಸಿಯಾ ಎಂದು ಗಾಯಕಿಯೊಬ್ಬಳ ಮ್ಯಾನೇಜರ್ ಎಲ್ಲರ ತಲೆಗೆ ತುಂಬುತ್ತಾನೆ. ಹಳ್ಳಿಯವರು ತಮ್ಮದಲ್ಲದ ವೇಷ ತೊಡುತ್ತಾರೆ, ಬೀದಿಗೆ ಹುಸಿ ಗೋಡೆಗಳನ್ನು ಕಟ್ಟುತ್ತಾರೆ, ಒಬ್ಬೊಬ್ಬರೂ ಸರದಿಯಲ್ಲಿ ನಿಂತು ತಮಗೆ ಬೇಕಾದ ಒಂದೊಂದು ವಸ್ತುವನ್ನು ಬರೆಸುತ್ತಾರೆ. ಕೊನೆಗೆ ಅಮೆರಿಕನ್ನರ ಕಾರುಗಳು ಧೂಳೆಬ್ಬಿಸಿ, ನಿಲ್ಲದೆ ಹೋಗಿಬಿಡುತ್ತವೆ. ಚಿತ್ರೀಕರಣವಾದದ್ದು ಮ್ಯಾಡ್ರಿಡ್ ಬಳಿಯ ಗ್ವಾದಲಿಶ್ ದೆ ಲಾ ಸಿಯೆರಾದಲ್ಲಿ. ಗಾಯಕಿ ಲೋಲಿತಾ ಸೆವಿಯಾಗಾಗಿ ಹಾಡಿನ ಚಿತ್ರವೊಂದನ್ನು ಮಾಡಿಕೊಡಿ ಎಂದು ನಿರ್ಮಾಣ ಸಂಸ್ಥೆ ಒಪ್ಪಿಸಿದ ಕೆಲಸವನ್ನು ಬೆರ್ಲಾಂಗಾ, ಹುವಾನ್ ಆಂತೋನಿಯೊ ಬಾರ್ದೆಮ್ ಮತ್ತು ನಾಟಕಕಾರ ಮಿಗೆಲ್ ಮಿಉರಾ ಸೇರಿ ಹೀಗೆ ತಿರುಗಿಸಿದರು.

ಇಸ್ಬೆರ್ಟ್ ಇಲ್ಲಿ ಕಿವಿ ಮಂದವಾದ ಮೇಯರು ದೋನ್ ಪಾಬ್ಲೊ. ಊರಿನವರನ್ನೆಲ್ಲ ಚೌಕದಲ್ಲಿ ಸೇರಿಸಿ ಪುರಸಭೆಯ ಬಾಲ್ಕನಿಯಿಂದ ಅವರು ಮಾಡುವ ಭಾಷಣ ಸ್ಪೇನಿನಲ್ಲಿ ಮಕ್ಕಳಿಗೂ ಗೊತ್ತು. ನಿಮ್ಮ ಮೇಯರಾಗಿ ನಾನು ನಿಮಗೆ ವಿವರಣೆ ಕೊಡಬೇಕಾಗಿದೆ ಎಂದು ಶುರುಮಾಡುತ್ತಾರೆ. ಮುಂದಿನ ವಾಕ್ಯವೂ ಅದೇ, ಅದರ ಮುಂದಿನದೂ ಅದೇ. ಕೊಡಬೇಕಾದ ವಿವರಣೆಯನ್ನು ಕೊಡುತ್ತೇನೆ ಎಂಬ ಮಾತಿನ ಸುತ್ತಲೇ ಸುತ್ತುತ್ತಾರೆ, ವಿವರಣೆ ಮಾತ್ರ ಬರುವುದಿಲ್ಲ. ಪಕ್ಕದಲ್ಲಿ ಮ್ಯಾನೇಜರ್ ಪಾತ್ರದ ಮಾನೊಲೊ ಮೊರಾನ್ ಮಾತು ಕಿತ್ತುಕೊಳ್ಳಲು ಹೊಂಚುತ್ತಿರುತ್ತಾರೆ. ಸರ್ವಾಧಿಕಾರಿಯೊಬ್ಬ ಬಾಲ್ಕನಿಯಿಂದ ಜನಸ್ತೋಮಕ್ಕೆ ಕೈಬೀಸುತ್ತಿದ್ದ ದೇಶದಲ್ಲಿ ಈ ದೃಶ್ಯ ಸೆನ್ಸಾರಿನ ಕಣ್ಣೆದುರಿಗೇ ದಾಟಿಹೋಯಿತು. ಬರೆದ ಹಾಳೆಯಲ್ಲಿ ಆಕ್ಷೇಪಿಸಲು ಒಂದು ಪದವೂ ಇಲ್ಲ. ಇದ್ದದ್ದೆಲ್ಲ ಆ ಮುದುಕನ ನಂಬಿಕೆಯಲ್ಲಿ: ತಾನು ಬಹಳ ಮುಖ್ಯವಾದುದನ್ನು ಹೇಳುತ್ತಿದ್ದೇನೆ ಎಂದು ಅವರ ಕಣ್ಣು, ಎದೆ, ಎತ್ತಿದ ಕೈ ಎಲ್ಲವೂ ನಂಬಿವೆ. ಹಾಸ್ಯ ಮಾಡುತ್ತಿದ್ದೇನೆ ಎಂಬ ಸುಳಿವು ಎಲ್ಲೂ ಇಲ್ಲ. ಕಾನ್ ಚಿತ್ರೋತ್ಸವದಲ್ಲಿ ಹಾಸ್ಯಚಿತ್ರಕ್ಕೆ ಸಲ್ಲುವ ಪ್ರಶಸ್ತಿ ಇದಕ್ಕೆ ಬಂತು. ತೀರ್ಪುಗಾರರಲ್ಲಿ ಒಬ್ಬರಾದ ಹಾಲಿವುಡ್ ನಟ ಎಡ್ವರ್ಡ್ ಜಿ. ರಾಬಿನ್ಸನ್‌ಗೆ, ಅಮೆರಿಕದ ಪುಟ್ಟ ಬಾವುಟ ನೀರಿನಲ್ಲಿ ಕೊಚ್ಚಿಹೋಗುವ ಕೊನೆಯ ಶಾಟ್ ಸಿಟ್ಟು ತರಿಸಿತು.

ಬೆರ್ಲಾಂಗಾ ಅವರಿಗೆ ಇಂಥ ನಟರು ಏಕೆ ಬೇಕಾಗಿದ್ದರು ಎಂಬುದು ಅವರ ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ. ಕತ್ತರಿಸದ ಉದ್ದದ ಶಾಟುಗಳು, ಒಂದೇ ಚೌಕಟ್ಟಿನಲ್ಲಿ ಎಂಟು ಹತ್ತು ಜನ, ಎಲ್ಲರೂ ಒಟ್ಟಿಗೆ ಮಾತನಾಡುತ್ತಿರುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಮೇಲೆ ಹತ್ತಿ, ಇಳಿದು, ಮತ್ತೆ ಏಳಬೇಕು. ತಾನು ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ಬಲ್ಲ ನಟರಿಂದ ಮಾತ್ರ ಇದು ಸಾಧ್ಯ. ದಿನಕ್ಕೆರಡು ಆಟದಂತೆ ಕಂಪನಿಯಲ್ಲಿ ದುಡಿದವರಿಗೆ ಅದು ಮೈಗತವಾಗಿತ್ತು.

ಆಮೇಲಿನ ವರ್ಷಗಳ ಪಾತ್ರಗಳಲ್ಲಿ ಮೂರು ನನಗೆ ಪ್ರಿಯ. 1955ರ ‘ಹಿಸ್ತೋರಿಯಾಸ್ ದೆ ಲಾ ರಾದಿಯೊ’ದಲ್ಲಿ ತನ್ನ ಆವಿಷ್ಕಾರಕ್ಕೆ ಪೇಟೆಂಟ್ ಪಡೆಯಲು ಕಾಸಿಲ್ಲದ ಮುದುಕ, ರೇಡಿಯೋ ಸ್ಪರ್ಧೆಯ ಬಹುಮಾನಕ್ಕಾಗಿ ಎಸ್ಕಿಮೊ ವೇಷ ತೊಟ್ಟು, ನಾಯಿಯೊಡನೆ ಮ್ಯಾಡ್ರಿಡ್‌ನ ಬೀದಿಗಳಲ್ಲಿ ಓಡುತ್ತಾನೆ. ನೋಡಿದವರು ನಗುತ್ತಾರೆ, ಆದರೆ ಅವನ ಮುಖದಲ್ಲಿ ನಾಚಿಕೆಯಿದೆ, ಆ ನಾಚಿಕೆ ನಗುವನ್ನು ಗಂಟಲಲ್ಲೇ ಹಿಡಿಯುತ್ತದೆ. 1956ರ ‘ಕಲಾಬುಚ್’ನಲ್ಲಿ ದೀಪಸ್ತಂಭದ ಕಾವಲುಗಾರ, ಊರಿನ ಪಾದ್ರಿಯೊಡನೆ ಟೆಲಿಫೋನಿನಲ್ಲೇ ಚದುರಂಗ ಆಡುತ್ತಾನೆ. ಮೂರನೆಯದು 1958ರಲ್ಲಿ ಫೆರ್ನಾಂದೊ ಫೆರ್ನಾನ್ ಗೋಮೆಸ್ ನಿರ್ದೇಶಿಸಿದ ‘ಲಾ ವಿದಾ ಪೋರ್ ದೆಲಾಂತೆ’. ಕಾರು ಅಪಘಾತವೊಂದರ ಸಾಕ್ಷಿಯಾಗಿ ಇಸ್ಬೆರ್ಟ್ ಬರುತ್ತಾರೆ. ಸಾಕ್ಷಿಗೆ ಮಾತು ತೊದಲು. ಅವರು ಹೇಳುತ್ತಿದ್ದಂತೆ ನಡೆದ ಘಟನೆ ತೆರೆಯ ಮೇಲೆ ಮೂಡುತ್ತದೆ. ಮಾತು ತೊದಲಿದಾಗ ಚಿತ್ರವೂ ತೊದಲುತ್ತದೆ, ಕಾರು ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋಗುತ್ತದೆ. ಕೆಲವೇ ನಿಮಿಷದ ಪಾತ್ರ. ಆ ಚಿತ್ರವನ್ನು ನೋಡಿದವರು ಮೊದಲು ನೆನೆಯುವುದು ಆ ಕೆಲವು ನಿಮಿಷಗಳನ್ನೇ.

ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಅವರಿಗೆ ನಿಜವಾದ ನಾಯಕ ಪಾತ್ರ ಸಿಕ್ಕಿತು. ಇಟಲಿಯಿಂದ ಬಂದ ಮಾರ್ಕೊ ಫೆರ್ರೆರಿ ನಿರ್ದೇಶಿಸಿದ, ರಫಾಯೆಲ್ ಅಸ್ಕೋನಾ ಬರೆದ 1960ರ ‘ಎಲ್ ಕೊಚೆಸಿತೊ’. ದೋನ್ ಅನ್ಸೆಲ್ಮೊ ಕೈಕಾಲು ನೆಟ್ಟಗಿರುವ ಮುದುಕ. ಆದರೆ ಅವನ ಗೆಳೆಯ ಮೋಟಾರು ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ, ಹಾಗೆ ಓಡಾಡುವವರದೇ ಒಂದು ಕೂಟವಿದೆ, ಅವರು ಊರಾಚೆ ವಿಹಾರಕ್ಕೆ ಹೋಗುತ್ತಾರೆ. ನಡೆಯಬಲ್ಲ ಅನ್ಸೆಲ್ಮೊ ಹಿಂದೆ ಉಳಿಯುತ್ತಾನೆ. ತನಗೂ ಅಂಥ ಗಾಡಿ ಬೇಕು ಎಂದು ಮಗುವಿನಂತೆ ಹಟ ಹಿಡಿಯುತ್ತಾನೆ. ಮನೆಯವರು ಕೊಡಿಸುವುದಿಲ್ಲ. ಮೂಲ ಕಥೆಯ ಕೊನೆಯಲ್ಲಿ ಅವನು ಇಡೀ ಕುಟುಂಬಕ್ಕೆ ವಿಷವಿಕ್ಕಿ ಗಾಡಿ ಹತ್ತಿ ಹೊರಡುತ್ತಾನೆ. ಪೊಲೀಸರು ಹಿಡಿದಾಗ ಅವನಿಗಿರುವುದು ಒಂದೇ ಚಿಂತೆ, ಜೈಲಿನಲ್ಲಿ ಗಾಡಿ ಇಟ್ಟುಕೊಳ್ಳಲು ಬಿಡುತ್ತಾರೆಯೇ ಎಂದು. ಈ ಕೊನೆಯನ್ನು ಸ್ಪೇನಿನ ಸೆನ್ಸಾರ್ ಸಹಿಸಲಿಲ್ಲ, ಬದಲಾಯಿಸಿತು. ವೆನಿಸ್‌ನಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. ಮುದುಕರನ್ನು ಮೂಲೆಗೆ ಕೂರಿಸುವ ಮನೆಗಳ ಬಗ್ಗೆ ಇಷ್ಟು ನಿರ್ದಯವಾಗಿ ಮಾತನಾಡಿದ ಇನ್ನೊಂದು ಹಾಸ್ಯಚಿತ್ರವನ್ನು ನಾನು ಕಂಡಿಲ್ಲ.

ಎರಡು ವರ್ಷದ ಬಳಿಕ, 1962ರ ಡಿಸೆಂಬರಿನಲ್ಲಿ, ‘ಲಾ ಗ್ರಾನ್ ಫಮೀಲಿಯಾ’ ತೆರೆಕಂಡಿತು. ಫೆರ್ನಾಂದೊ ಪಲಾಸಿಯೋಸ್ ನಿರ್ದೇಶನ. ಹದಿನೈದು ಮಕ್ಕಳ ಸಂಸಾರ. ಹೆಚ್ಚು ಹೆರುವ ಕುಟುಂಬಗಳಿಗೆ ಬಹುಮಾನ ಕೊಡುತ್ತಿದ್ದ ಆಳ್ವಿಕೆಗೆ ಒಪ್ಪುವಂಥ ಕಥೆ. ಇಡೀ ದೇಶ ಅದನ್ನು ತಬ್ಬಿಕೊಂಡಿತು. ಇಸ್ಬೆರ್ಟ್ ಆ ಮನೆಯ ಅಜ್ಜ. ಕ್ರಿಸ್ಮಸ್ ಹೊತ್ತಿಗೆ ಮ್ಯಾಡ್ರಿಡ್‌ನ ಪ್ಲಾಸಾ ಮಯೋರ್ ಚೌಕದ ಅಂಗಡಿಸಾಲಿನಲ್ಲಿ ಅಜ್ಜನ ಕೈ ತಪ್ಪಿ ಕಿರಿಯ ಮೊಮ್ಮಗ ಚೆಂಚೊ ಕಳೆದುಹೋಗುತ್ತಾನೆ. ಜನಜಂಗುಳಿಯ ನಡುವೆ ಅಜ್ಜ ಆ ಹೆಸರನ್ನು ಕೂಗುತ್ತ ಅಲೆಯುತ್ತಾನೆ. ಒಡೆದ ಗಂಟಲಿನ ಆ ಕೂಗು ಸ್ಪೇನಿನವರ ನೆನಪಿನಲ್ಲಿ ಎಷ್ಟು ಆಳವಾಗಿ ಕುಳಿತಿದೆಯೆಂದರೆ, ಗುಂಪಿನಲ್ಲಿ ಯಾರಾದರೂ ಕಾಣೆಯಾದರೆ ಚೆಂಚೊ ಎಂದು ಕೂಗುವುದು ಅಲ್ಲಿ ಇಂದಿಗೂ ರೂಢಿ. ಪೆಪೆ ಇಸ್ಬೆರ್ಟ್ ಈಗ ಸ್ಪೇನಿನ ಅಜ್ಜ.

ಕೆಲವೇ ತಿಂಗಳ ನಂತರ, 1963ರಲ್ಲಿ, ಅದೇ ಅಜ್ಜ ಬೆರ್ಲಾಂಗಾ ಅವರ ‘ಎಲ್ ವೆರ್ದುಗೊ’ ಚಿತ್ರಕ್ಕಾಗಿ ಸರ್ಕಾರಿ ವಧಕಾರ ಅಮಾದೆಯೊ ಆದರು.

ಸ್ಪೇನಿನಲ್ಲಿ ಮರಣದಂಡನೆಗೆ ಗಾರೋಟೆ ಎಂಬ ಸಾಧನವಿತ್ತು. ಅಪರಾಧಿಯನ್ನು ಕಂಬಕ್ಕೆ ಆನಿಸಿ ಕೂರಿಸಿ, ಕುತ್ತಿಗೆಗೆ ಕಬ್ಬಿಣದ ಪಟ್ಟಿ ತೊಡಿಸಿ, ಹಿಂದಿನಿಂದ ತಿರುಪು ಬಿಗಿಯುವುದು. 1974ರವರೆಗೂ ಅದು ಬಳಕೆಯಲ್ಲಿತ್ತು. 1959ರಲ್ಲಿ ವಲೆನ್ಸಿಯಾದಲ್ಲಿ ಹೆಣ್ಣೊಬ್ಬಳಿಗೆ ಈ ಶಿಕ್ಷೆಯಾದಾಗ ವಧಕಾರನೇ ಕುಸಿದು, ಅವನನ್ನು ಎಳೆದೊಯ್ಯಬೇಕಾಯಿತಂತೆ. ಈ ಸಂಗತಿಯನ್ನು ವಕೀಲ ಮಿತ್ರರಿಂದ ಕೇಳಿದ ಬೆರ್ಲಾಂಗಾ ಅವರ ಮನಸ್ಸಿನಲ್ಲಿ ಒಂದು ಚಿತ್ರ ನಿಂತಿತು: ದೊಡ್ಡ ಬಿಳಿಯ ಹಜಾರ, ಸಾಯಬೇಕಾದವನನ್ನು ಒಂದು ಗುಂಪು ಕರೆದೊಯ್ಯುತ್ತಿದೆ, ಕೊಲ್ಲಬೇಕಾದವನನ್ನು ಹಿಂದಿನಿಂದ ಇನ್ನೊಂದು ಗುಂಪು ಎಳೆಯುತ್ತಿದೆ. ಅಸ್ಕೋನಾ ಅವರೊಡನೆ ಕುಳಿತು ಆ ಒಂದು ದೃಶ್ಯದಿಂದ ಹಿಂದಕ್ಕೆ ಇಡೀ ಕಥೆಯನ್ನು ಕಟ್ಟಿದರು. ಇಟಲಿಯ ಎನ್ನಿಯೊ ಫ್ಲಯಾನೊ ಅವರ ಹೆಸರೂ ಚಿತ್ರಕಥೆಯಲ್ಲಿದೆ.

ಅಮಾದೆಯೊ ನಿವೃತ್ತಿಯ ಅಂಚಿನಲ್ಲಿದ್ದಾನೆ. ಉಪಕರಣಗಳನ್ನು ತುಂಬಿದ ಕಪ್ಪು ಕೈಚೀಲ ಅವನ ಸಂಗಾತಿ. ಮಗಳು ಕಾರ್ಮೆನ್‌ಗೆ ಮದುವೆಯಾಗುತ್ತಿಲ್ಲ, ಅಪ್ಪನ ಕಸುಬು ಕೇಳಿ ಗಂಡುಗಳು ಓಡುತ್ತಾರೆ. ಶವ ಸಾಗಿಸುವ ಕಂಪನಿಯ ನೌಕರ ಹೋಸೆ ಲೂಯಿಸ್‌ಗೆ ಹೆಣ್ಣು ಸಿಕ್ಕುತ್ತಿಲ್ಲ, ಅವನ ಕಸುಬು ಕೇಳಿ ಹೆಣ್ಣುಗಳು ಓಡುತ್ತಾರೆ. ಇವರಿಬ್ಬರೂ ಕೂಡುತ್ತಾರೆ. ಸರ್ಕಾರ ಅಮಾದೆಯೊಗೆ ಮಂಜೂರು ಮಾಡಿದ ಹೊಸ ಫ್ಲ್ಯಾಟ್ ಅವನು ನಿವೃತ್ತನಾದರೆ ಕೈತಪ್ಪುತ್ತದೆ. ಉಳಿಸಿಕೊಳ್ಳಲು ಒಂದೇ ದಾರಿ, ಅಳಿಯ ಕೆಲಸಕ್ಕೆ ಸೇರಬೇಕು. ಸಹಿ ಹಾಕು, ಯಾರನ್ನೂ ಕೊಲ್ಲುವ ಪ್ರಸಂಗ ಬರುವುದಿಲ್ಲ, ಬಂದರೆ ರಾಜೀನಾಮೆ ಕೊಟ್ಟರಾಯಿತು ಎಂದು ಮಾವ ಪುಸಲಾಯಿಸುತ್ತಾನೆ. ಸಹಿ ಬೀಳುತ್ತದೆ. ಮಯೋರ್ಕಾ ದ್ವೀಪದಿಂದ ಕರೆ ಬರುತ್ತದೆ.

ಇಸ್ಬೆರ್ಟ್ ಈ ಪಾತ್ರದಲ್ಲಿ ಏನು ಮಾಡುತ್ತಾರೆ ಎಂಬುದನ್ನು ಗಮನಿಸಬೇಕು. ಅವರು ಏನನ್ನೂ ಬದಲಾಯಿಸುವುದಿಲ್ಲ. ಅದೇ ಮೆಲ್ಲನೆಯ ನಡಿಗೆ, ಅದೇ ಗೊಣಗಾಟ, ಅದೇ ಅಕ್ಕರೆ. ಗಾರೋಟೆಯನ್ನು ಅಮೆರಿಕದ ವಿದ್ಯುತ್ ಕುರ್ಚಿಯೊಡನೆ ಹೋಲಿಸಿ, ನಮ್ಮದೇ ಮಾನವೀಯ ಎಂದು ವಾದಿಸುವಾಗ ಅನುಭವಿ ಕುಶಲಕರ್ಮಿಯೊಬ್ಬ ತನ್ನ ಕೆಲಸದ ನೇಮವನ್ನು ಸಮರ್ಥಿಸಿಕೊಳ್ಳುವ ಧಾಟಿ ಅದು. ಕಸುಬಿಗೆ ಮರ್ಯಾದೆ ಉಳಿದಿಲ್ಲವೆಂದು ಅವನು ನೊಂದುಕೊಳ್ಳುತ್ತಾನೆ. ಬೇರೊಬ್ಬ ನಟ ಈ ಪಾತ್ರವನ್ನು ಭಯಂಕರವಾಗಿಸಬಹುದಿತ್ತು, ಆಗ ಪ್ರೇಕ್ಷಕ ದೂರ ಕುಳಿತು ಹೇಸುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಇಸ್ಬೆರ್ಟ್ ಎದುರು ಅದು ಆಗುವುದಿಲ್ಲ. ಅವರನ್ನು ನಾವು ಆಗಲೇ ಪ್ರೀತಿಸಿಬಿಟ್ಟಿದ್ದೇವೆ. ಚೆಂಚೊನನ್ನು ಹುಡುಕಿದ ಅಜ್ಜ ಕುತ್ತಿಗೆ ಮುರಿಯುವ ಕಬ್ಬಿಣವನ್ನು ಚೀಲದಲ್ಲಿ ಹೊತ್ತು ಮನೆಗೆ ಬರುತ್ತಿದ್ದಾನೆ, ಮಗಳ ಸಂಸಾರಕ್ಕೆ ಸೂರು ಬೇಕೆಂದು ಪರದಾಡುತ್ತಿದ್ದಾನೆ, ನಾವು ಅವನ ಪರವಾಗಿ ನಿಂತುಬಿಟ್ಟಿದ್ದೇವೆ. ಕೊಲ್ಲುವ ವ್ಯವಸ್ಥೆ ಒಳ್ಳೆಯವರ ಕೈಯಲ್ಲೇ, ಒಂದು ಫ್ಲ್ಯಾಟಿನ ಆಸೆಯಿಂದಲೇ ನಡೆಯುತ್ತದೆ ಎಂಬುದನ್ನು ಪ್ರೇಕ್ಷಕ ತನ್ನದೇ ಪ್ರೀತಿಯ ಮೂಲಕ ಅರಿಯುವಂತಾಗುತ್ತದೆ. ನಾಯಕನಾಗಿ ಇಟಲಿಯ ನೀನೊ ಮಾನ್‌ಫ್ರೆದಿ ಇದ್ದಾರೆ, ಮಗಳಾಗಿ ಎಮ್ಮಾ ಪೆನೆಯಾ ಇದ್ದಾರೆ, ಇಬ್ಬರೂ ಅದ್ಭುತ. ಆದರೆ ಚಿತ್ರದ ನೈತಿಕ ಭಾರ ನಿಂತಿರುವುದು ಪೋಷಕ ಪಾತ್ರದ ಮೇಲೆ.

ಕೊನೆಯಲ್ಲಿ ಆ ಬಿಳಿ ಹಜಾರದ ದೃಶ್ಯ ಬರುತ್ತದೆ. ಸಾಯುವವನು ನಡೆಯುತ್ತಾನೆ, ಕೊಲ್ಲುವವನನ್ನು ಎಳೆಯುತ್ತಾರೆ, ಅವನ ಟೋಪಿ ನೆಲಕ್ಕೆ ಬೀಳುತ್ತದೆ. ಮರಳಿ ಹಡಗು ಹತ್ತಿದ ಅಳಿಯ ಇನ್ನೆಂದೂ ಈ ಕೆಲಸ ಮಾಡುವುದಿಲ್ಲ ಎನ್ನುತ್ತಾನೆ. ಮೊಮ್ಮಗುವನ್ನು ಎತ್ತಿಕೊಂಡ ಅಮಾದೆಯೊ, ಮೊದಲ ಸಲ ನಾನೂ ಹೀಗೇ ಹೇಳಿದ್ದೆ ಎನ್ನುತ್ತಾನೆ. ಇಸ್ಬೆರ್ಟ್ ಆ ಮಾತನ್ನು ಸಮಾಧಾನ ಹೇಳುವ ದನಿಯಲ್ಲೇ ಹೇಳುತ್ತಾರೆ. ಬೆದರಿಕೆಯಿಲ್ಲ, ವಿಷಾದವೂ ಇಲ್ಲ. ಐವತ್ತೊಂದು ವರ್ಷದ ಹಿಂದೆ ಪಿಸ್ತೂಲು ಹಿಡಿದು ತೆರೆಗೆ ಬಂದ ನಟನಿಗೆ ಈಗ ಆಯುಧ ತೋರಿಸುವ ಅಗತ್ಯವೇ ಇರಲಿಲ್ಲ.

ಚಿತ್ರ ವೆನಿಸ್ ಉತ್ಸವಕ್ಕೆ ಹೋಗುವ ಹೊತ್ತಿಗೆ ಸ್ಪೇನಿನಲ್ಲಿ ನಿಜವಾದ ಸಾವುಗಳು ನಡೆದಿದ್ದವು. 1963ರ ಏಪ್ರಿಲ್ 20ರಂದು ಕಮ್ಯುನಿಸ್ಟ್ ನಾಯಕ ಹೂಲಿಯಾನ್ ಗ್ರಿಮಾವ್ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗಸ್ಟ್ 17ರಂದು ಗ್ರನಾದೊ ಮತ್ತು ದೆಲ್ಗಾದೊ ಎಂಬ ಇಬ್ಬರು ಅರಾಜಕತಾವಾದಿಗಳನ್ನು ಗಾರೋಟೆಗೆ ಏರಿಸಲಾಯಿತು. ರೋಮ್‌ನಲ್ಲಿದ್ದ ಸ್ಪೇನಿನ ರಾಯಭಾರಿ ಆಲ್ಫ್ರೆದೊ ಸಾಂಚೆಸ್ ಬೆಯಾ ಈ ಚಿತ್ರ ಸ್ಪೇನಿನ ಮೇಲೆ ಮಾಡಿದ ಘೋರ ಅಪಪ್ರಚಾರವೆಂದು ವಿದೇಶಾಂಗ ಮಂತ್ರಿಗೆ ಪತ್ರ ಬರೆದರು. ವಿಮರ್ಶಕರ ಪ್ರಶಸ್ತಿ ಚಿತ್ರಕ್ಕೆ ಸಂದಿತು. ಸ್ಪೇನಿನಲ್ಲಿ ತೆರೆಕಂಡದ್ದು 1964ರಲ್ಲಿ, ಕತ್ತರಿ ಪ್ರಯೋಗದ ಬಳಿಕ. ಚೀಲದೊಳಗಿನ ಕಬ್ಬಿಣ ಕಣಕಣಿಸುವ ಸದ್ದನ್ನೂ ಸೆನ್ಸಾರ್ ಸಹಿಸಲಿಲ್ಲವೆಂದು ಬೆರ್ಲಾಂಗಾ ಹೇಳುತ್ತಿದ್ದರು.

ಇಸ್ಬೆರ್ಟ್ ತೀರಿಕೊಂಡದ್ದು 1966ರ ನವೆಂಬರ್ 28ರಂದು, ಎಂಬತ್ತರ ವಯಸ್ಸಿನಲ್ಲಿ. ಅವರ ಸಮಾಧಿ ಅಲ್ಬಸೇತೆ ಪ್ರಾಂತ್ಯದ ತಾರಸೋನಾ ದೆ ಲಾ ಮಾಂಚಾ ಎಂಬ ಊರಿನಲ್ಲಿದೆ.

ಅವರ ಮಗಳು ಮರಿಯಾ ಇಸ್ಬೆರ್ಟ್ ಅದೇ ದಾರಿ ಹಿಡಿದರು. 1917ರಲ್ಲಿ ಹುಟ್ಟಿದ ಅವರು ಏಳು ಮಕ್ಕಳ ತಾಯಿ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನೆರೆಮನೆಯಾಕೆ, ಮನೆಗೆಲಸದವಳು, ಸನ್ಯಾಸಿನಿಯರ ಪಾತ್ರ ಮಾಡಿದರು. ಲೂಯಿಸ್ ಬುನ್ಯುಯೆಲ್‌ರ 1961ರ ‘ವಿರಿದಿಯಾನಾ’ದ ಭಿಕ್ಷುಕಿಯರಲ್ಲಿ ಅವರೂ ಒಬ್ಬರು. 2011ರಲ್ಲಿ ತೊಂಬತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು. ಈ ವೃತ್ತಿಯಲ್ಲಿ ಹೆಂಗಸರ ಪಾಲು ಇನ್ನಷ್ಟು ಕಿರಿದು. ರಫಾಯೆಲಾ ಅಪರಿಸಿಯೊ ಎಂಬ ಅಸಾಧಾರಣ ನಟಿ ಜೀವಮಾನದ ಬಹುಭಾಗ ಕೆಲಸದಾಕೆಯ ಪಾತ್ರ ಮಾಡಿದರು. ಫೆರ್ನಾನ್ ಗೋಮೆಸ್ ಅವರ 1989ರ ‘ಎಲ್ ಮಾರ್ ಇ ಎಲ್ ತಿಯೆಂಪೊ’ ಚಿತ್ರಕ್ಕಾಗಿ ಅವರಿಗೆ ಅತ್ಯುತ್ತಮ ನಟಿಯ ಗೋಯಾ ಪ್ರಶಸ್ತಿ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಮಾನುವೆಲ್ ಅಲೆಕ್ಸಾಂದ್ರೆ, ಇಸ್ಬೆರ್ಟ್ ಜೊತೆಗೆ ‘ಮಿಸ್ಟರ್ ಮಾರ್ಷಲ್’ನಲ್ಲಿದ್ದವರು, 2005ರ ‘ಎಲ್ಸಾ ಇ ಫ್ರೆದ್’ನಲ್ಲಿ ಪ್ರೇಮಕಥೆಯ ನಾಯಕರಾದರು, ಅವರಿಗಾಗ ಎಂಬತ್ತೇಳು. ಹೀಗೆ ಇಷ್ಟು ಕಾಲ ಕಾಯಿಸಿದ್ದು ಸ್ಪೇನಿನ ಸಿನಿಮಾ ಈ ಜನಕ್ಕೆ ಮಾಡಿದ ಅನ್ಯಾಯವೇ ಎಂದು ನಾನು ನಂಬುತ್ತೇನೆ. ಅವರ ಕಲೆಯ ಹಿರಿಮೆ ಆ ಅನ್ಯಾಯವನ್ನು ಮುಚ್ಚಿಹಾಕಬಾರದು.

ಸಭೆಯ ಬಳಿಕ ಈ ಚಿತ್ರಗಳನ್ನು ಹುಡುಕಿ ನೋಡುವ ಮನಸ್ಸಿರುವವರಿಗೆ ನನ್ನದೊಂದು ಕೋರಿಕೆ. ನೇರವಾಗಿ ‘ಎಲ್ ವೆರ್ದುಗೊ’ಗೆ ಹೋಗಬೇಡಿ. ಮೊದಲು ‘ಮಿಸ್ಟರ್ ಮಾರ್ಷಲ್’ ನೋಡಿ, ಆಮೇಲೆ ‘ಎಲ್ ಕೊಚೆಸಿತೊ’, ಅದಾದ ಮೇಲೆ ‘ಲಾ ಗ್ರಾನ್ ಫಮೀಲಿಯಾ’. ಮೂರನೆಯದು ಕಲೆಯ ದೃಷ್ಟಿಯಿಂದ ಸಾಧಾರಣ ಚಿತ್ರವೇ, ಆದರೂ ಬಿಡಬೇಡಿ. ಆ ಅಜ್ಜನ ಪರಿಚಯ ಚೆನ್ನಾಗಿ ಆದ ಮೇಲೆಯೇ ಅಮಾದೆಯೊನ ಮನೆಗೆ ಹೋಗಿ. 1964ರಲ್ಲಿ ಮ್ಯಾಡ್ರಿಡ್‌ನ ಪ್ರೇಕ್ಷಕರು ಆ ಚಿತ್ರವನ್ನು ನೋಡಿದ್ದು ಅದೇ ಕ್ರಮದಲ್ಲಿ.